ಬಿತ್ತದೆ ಬರುವ ಬೆಳೆ ಬಳಚು: ನಾಲೆ ಬಯಲಿನವರಿಗೆ ಅಳಿವೆಯ ಪಾಠ

ವೀಳ್ಯದೆಲೆಗೆ ಸವರುವ ಸುಣ್ಣ, ತೆಂಗಿನ ಸುಳಿಕೊಳೆಗೆ ಮಾಡುವ ಬೋರ್ಡೋ ದ್ರಾವಣದ ಸುಣ್ಣ, ಮೊಟ್ಟೆಕೋಳಿಗೆ ಮೇವಿನ ಜೊತೆ ಹಾಕುವ ಚಿಪ್ಪಿನ ಚೂರು - ಈ ಮೂರೂ ಕೆ.ಆರ್. ಪೇಟೆ, ನಾಗಮಂಗಲದ ರೈತರ ಮನೆಯಲ್ಲಿ ಕಾಣುವ ಸಾಮಾನುಗಳೇ. ಎಲ್ಲಿಂದ ಬರುತ್ತವೆ ಎಂದು ಕೇಳಿದರೆ ಹೆಚ್ಚಿನವರು 'ಅಂಗಡಿಯಿಂದ' ಅಂತಾರೆ. ಅಂಗಡಿಗೆ ಎಲ್ಲಿಂದ ಬಂತು ಅಂದರೆ ಎರಡು ದಾರಿ. ಒಂದು, ಸುಣ್ಣಕಲ್ಲು ಸುಟ್ಟದ್ದು. ಇನ್ನೊಂದು, ಸಮುದ್ರ ತೀರದಲ್ಲಿ ಹೊಳೆ ಸೇರುವ ಜಾಗದ ಕೆಸರಿನಲ್ಲಿ ಬೆಳೆಯುವ ಒಂದು ಜೀವಿಯ ಚಿಪ್ಪು ಸುಟ್ಟದ್ದು. ಆ ಜೀವಿಗೆ ಕುಮಟಾ ಕಡೆ 'ಬಳಚು' ಎನ್ನುತ್ತಾರೆ. ತುಳುವಿನಲ್ಲಿ 'ಮರುವಾಯಿ'. ಕೊಂಕಣಿಯವರು ಜಾತಿ ನೋಡಿ 'ಖುಬ್ಬೆ', 'ತಿಸ್ರೆ' ಎಂದು ಬೇರೆ ಬೇರೆ ಕರೆಯುತ್ತಾರೆ. ನಮ್ಮ ಕಡೆ ಹೆಸರೇ ಇಲ್ಲ. ನೋಡಿದವರು 'ಕಪ್ಪೆಚಿಪ್ಪು ಕಣಪ್ಪ' ಅಂದು ಮುಗಿಸುತ್ತಾರೆ.

ಕಡಲಿನಿಂದ ಇಷ್ಟು ದೂರ ಇರುವ ನಮಗೆ ಅದರ ಗೊಡವೆ ಯಾಕೆ? ಸುಣ್ಣ ಒಂದು ಕಾರಣ. ನೀರು ಅದಕ್ಕಿಂತ ದೊಡ್ಡ ಕಾರಣ. ಕಟ್ಟೆ ಮೇಲೆ ಕೂತು 'ನೀರೆಲ್ಲ ಸುಮ್ನೆ ಸಮುದ್ರಕ್ಕೆ ಹೋಯ್ತಲ್ಲ' ಅನ್ನುವ ಮಾತನ್ನು ನಾವು ಪ್ರತಿ ಮಳೆಗಾಲದಲ್ಲೂ ಆಡುತ್ತೇವೆ. ಆ 'ಸುಮ್ನೆ' ಅನ್ನುವ ಪದ ಎಷ್ಟು ಸರಿ ಎಂದು ಬಳಚಿನ ಕಡೆಯಿಂದ ನೋಡಬಹುದು. ಮೊದಲು ಪ್ರಾಣಿಯ ಪರಿಚಯ ಆಗಲಿ.

ಮೈ, ಮನೆ, ಊಟ

ಬಳಚಿಗೆ ತಲೆ ಇಲ್ಲ, ಕಣ್ಣಿಲ್ಲ. ಎರಡು ಚಿಪ್ಪು, ಹಿಂಬದಿಯಲ್ಲಿ ಬಾಗಿಲ ಕೀಲಿನಂತೆ ಒಂದು ಕೀಲು. ಒಳಗೆ ಮೆತ್ತನೆ ಮೈ, ಚಿಪ್ಪನ್ನು ಬಿಗಿಯಾಗಿ ಮುಚ್ಚಿ ಹಿಡಿಯಲು ಎರಡು ಮಾಂಸಖಂಡ, ನಾಲಿಗೆಯಂತೆ ಚಾಚುವ ಒಂದು ಪಾದ. ಈ ಪಾದವನ್ನು ಮರಳಿಗೆ ಚುಚ್ಚಿ, ತುದಿ ಉಬ್ಬಿಸಿ, ಮೈ ಎಳೆದುಕೊಂಡು ಕೆಳಕ್ಕೆ ಇಳಿಯುತ್ತದೆ. ಹಾರೆ ಹಾಕಿದ ಹಾಗೆಯೇ. ಕೆಲವು ಅಂಗುಲ ಆಳದಲ್ಲಿ ಹೂತುಕೊಂಡು ಎರಡು ಕೊಳವೆಗಳನ್ನು ಮಾತ್ರ ಮೇಲೆ ಚಾಚುತ್ತದೆ. ಒಂದರಿಂದ ನೀರು ಒಳಕ್ಕೆ, ಇನ್ನೊಂದರಿಂದ ಹೊರಕ್ಕೆ. ಒಳ ಬಂದ ನೀರು ಕಿವಿರಿನಲ್ಲಿ ಸೋಸಿ ಹೋಗುವಾಗ ಪಾಚಿಯ ಕಣ, ಕೊಳೆತ ಎಲೆಯ ಪುಡಿ ಅಂಟಿಕೊಳ್ಳುತ್ತವೆ. ಅದೇ ಊಟ. ಬೆಳೆದ ಬಳಚು ಗಂಟೆಗೆ ಸುಮಾರು ಒಂದು ಲೀಟರಿನ ಆಸುಪಾಸು ನೀರು ಸೋಸುತ್ತದೆ. ಒಂದು ಗುಂಟೆ ಜಾಗದಲ್ಲಿ ಸಾವಿರಾರು ಇದ್ದರೆ ಎಷ್ಟು ದೊಡ್ಡ ಫಿಲ್ಟರ್ ಆಯಿತು ಲೆಕ್ಕ ಹಾಕಿ.

ಮೊಟ್ಟೆ, ಬೀಜ ಎರಡನ್ನೂ ನೀರಿಗೇ ಬಿಡುತ್ತವೆ. ಮರಿ ಎರಡು ವಾರದ ಸುಮಾರಿಗೆ ನೀರಿನಲ್ಲಿ ತೇಲಾಡಿ, ಆಮೇಲೆ ಚಿಪ್ಪು ಭಾರವಾಗಿ ತಳಕ್ಕೆ ಇಳಿದು ನೆಲೆ ನಿಲ್ಲುತ್ತದೆ. ಇಳಿದ ಜಾಗ ಹದವಾದ ಮರಳುಗೆಸರಾದರೆ ಬದುಕು. ಕಲ್ಲು, ಕೊಳಚೆ, ಈಗಷ್ಟೇ ಡ್ರೆಜ್ಜರ್ ಕೆದಕಿದ ಗುಂಡಿ ಆದರೆ ಸಾವು. ಹಾಗಾಗಿ ಬೀಜ ಎಷ್ಟು ಉದುರಿತು ಅನ್ನುವುದಕ್ಕಿಂತ ನೆಲ ಹೇಗಿದೆ ಅನ್ನುವುದೇ ಬೆಳೆ ತೀರ್ಮಾನಿಸುತ್ತದೆ. ರಾಗಿ ಚೆಲ್ಲುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದ ಅಳಿವೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕಪ್ಪು ಬಳಚು, ಶಾಸ್ತ್ರದ ಹೆಸರು ವಿಲ್ಲೋರಿಟಾ ಸೈಪ್ರಿನಾಯ್ಡಿಸ್. ದಪ್ಪ ಚಿಪ್ಪು, ಮುಕ್ಕೋನ ಆಕಾರ, ಕಂದುಗಪ್ಪು ಬಣ್ಣ. ಹೊಳೆಯ ಒಳಭಾಗದಲ್ಲಿ, ಉಪ್ಪು ತೀರಾ ಕಡಿಮೆ ಇರುವಲ್ಲೂ ಬದುಕುತ್ತದೆ. ಎರಡನೆಯದು ಮೆರಿಟ್ರಿಕ್ಸ್ ಕಾಸ್ಟಾ. ನುಣ್ಣಗೆ ಹೊಳೆಯುವ ಹಳದಿಗಂದು ಚಿಪ್ಪು, ನಡುವಿನ ಸವಳು ನೀರಿನ ನಿವಾಸಿ. ಮೂರನೆಯದು ತಿಸ್ರೆ, ಹಳೆಯ ಪುಸ್ತಕಗಳಲ್ಲಿ ಪಾಫಿಯಾ ಮಲಬಾರಿಕಾ. ಚಿಪ್ಪಿನ ಮೇಲೆ ನೇಗಿಲ ಸಾಲಿನಂತೆ ಒತ್ತಾದ ಗೆರೆ. ಇದಕ್ಕೆ ಉಪ್ಪು ಜಾಸ್ತಿ ಬೇಕು, ಹಾಗಾಗಿ ಅಳಿವೆ ಬಾಯಿಯ ಹತ್ತಿರ. ರುಚಿ, ರೇಟು ಎರಡೂ ಇದಕ್ಕೇ ಹೆಚ್ಚು. ಗೋವಾದವರಿಗೆ ತಿಸ್ರೆ ಅಂದರೆ ಪ್ರಾಣ.

ಒಂದೇ ಹೊಳೆಯಲ್ಲಿ ಹೀಗೆ ಮೇಲಿಂದ ಕೆಳಕ್ಕೆ ಮೂರು ಬೆಳೆ. ಉಪ್ಪಿನ ಏರಿಳಿತವೇ ಇಲ್ಲಿ ಬದು. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಮಿನ ಸುಮಾರು ಉಪ್ಪು. ಅಳಿವೆಯಲ್ಲಿ ಬೇಸಿಗೆಗೆ ಅದರ ಹತ್ತಿರ ಹೋಗುತ್ತದೆ, ಜೂನ್-ಜುಲೈ ಪ್ರವಾಹಕ್ಕೆ ಸೊನ್ನೆಯ ಹತ್ತಿರ ಇಳಿಯುತ್ತದೆ. ಮಳೆಗಾಲದಲ್ಲಿ ತಿಸ್ರೆ ಬಹಳಷ್ಟು ಸಾಯುವುದುಂಟು. ಮಳೆ ನಿಂತು ಉಪ್ಪು ಏರಿದ ಮೇಲೆ ಹೊಸ ಮರಿ ಕೂರುತ್ತದೆ. ಅಂದರೆ ಬಳಚಿಗೆ ಬೇಕಾದ್ದು ಬರೀ ಉಪ್ಪಲ್ಲ, ಬರೀ ಸಿಹಿನೀರೂ ಅಲ್ಲ. ಕಾಲಕ್ಕೆ ಸರಿಯಾಗಿ ಒಂದು ಬಂದು ಇನ್ನೊಂದು ಹೋಗಬೇಕು.

ಅಘನಾಶಿನಿಯ ಲೆಕ್ಕ

ಇದನ್ನು ನೋಡಬೇಕಾದರೆ ಅಘನಾಶಿನಿಗೇ ಹೋಗಬೇಕು. ಶಿರಸಿ ಘಟ್ಟದಲ್ಲಿ ಹುಟ್ಟಿ ಕುಮಟಾ ತಾಲೂಕಿನಲ್ಲಿ ಕಡಲು ಸೇರುವ ಈ ಹೊಳೆಗೆ ಇವತ್ತಿಗೂ ದೊಡ್ಡ ಅಣೆಕಟ್ಟಿಲ್ಲ. ತದಡಿಯ ಬಳಿ ಅದರ ಅಳಿವೆ ವಿಶಾಲವಾಗಿ ಹರಡಿಕೊಂಡಿದೆ. 2024ರ ಜನವರಿಯಲ್ಲಿ ಈ ಅಳಿವೆ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಸಮಯ ದಿನಾ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಇಳಿತಕ್ಕೆ ಸರಿಯಾಗಿ ಗಂಡಸರು ಹೆಂಗಸರು ದೋಣಿಯಲ್ಲಿ ಹೋಗಿ ಮೊಳಕಾಲು, ಸೊಂಟದ ನೀರಿನಲ್ಲಿ ಇಳಿಯುತ್ತಾರೆ. ಕಾಲಬೆರಳಿನಲ್ಲಿ ತಡಕಿ, ಕೈಯಿಂದ ಕೆದಕಿ ತೆಗೆದು, ಪಕ್ಕದಲ್ಲಿ ತೇಲಿಬಿಟ್ಟ ಪಾತ್ರೆಗೆ ಹಾಕುತ್ತಾರೆ. ಆಳ ಇದ್ದಲ್ಲಿ ಮುಳುಗು ಹಾಕುವವರೂ ಇದ್ದಾರೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇಳಿತ ಜಾಸ್ತಿ, ಬೇರೆ ದಿನ ಮುಳುಗಿರುವ ದಿಬ್ಬ ಅವತ್ತು ಬಿಚ್ಚಿಕೊಳ್ಳುತ್ತದೆ. ಪಂಚಾಂಗ ನಮಗೆ ಬಿತ್ತನೆಗೆ, ಅವರಿಗೆ ಕೊಯ್ಲಿಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ, ಡಾ. ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ಸಂಗಡಿಗರು ಈ ಅಳಿವೆಯ ಚಿಪ್ಪುಜೀವಿಗಳ ಬಗ್ಗೆ ವಿವರವಾದ ಅಧ್ಯಯನ ಮಾಡಿದ್ದಾರೆ. ಅವರ ಅಂದಾಜಿನಲ್ಲಿ ವರ್ಷಕ್ಕೆ 22,006 ಟನ್ ಚಿಪ್ಪುಜೀವಿ ಅಲ್ಲಿಂದ ಬರುತ್ತಿತ್ತು. ಬೆಲೆ 5.78 ಕೋಟಿ ರೂಪಾಯಿ. ನೇರವಾಗಿ ಕೆಲಸ ಸಿಕ್ಕವರು 2,347 ಜನ. ಸುಮಾರು ಹದಿನೈದು ವರ್ಷ ಹಿಂದಿನ ಲೆಕ್ಕ ಇದು, ಇವತ್ತಿನ ರೇಟಿಗೆ ಹಾಕಬೇಡಿ.

ನಮ್ಮ ರೈತರ ರೀತಿಯಲ್ಲಿ ಭಾಗಿಸಿ ನೋಡೋಣ. ತಲೆಗೆ ವರ್ಷಕ್ಕೆ ಒಂಬತ್ತು ಟನ್ನಿಗೂ ಜಾಸ್ತಿ. ದುಡ್ಡು 24,600 ರೂಪಾಯಿ ಆಸುಪಾಸು. ಕೆ.ಜಿ.ಗೆ ಎರಡೂವರೆ ರೂಪಾಯಿ ಚಿಲ್ಲರೆ, ಚಿಪ್ಪು ಸೇರಿ. ಆ ಕಾಲದ ನಮ್ಮ ಕಬ್ಬಿನ ದರಕ್ಕೆ ಬಹಳ ದೂರ ಇಲ್ಲ. ಕಡಿಮೆಯೇ ಅಲ್ಲವೇ ಅನ್ನಬಹುದು. ಆದರೆ ಖರ್ಚಿನ ಕಾಲಂ ನೋಡಿ. ಬಿತ್ತನೆ ಬೀಜ ಇಲ್ಲ, ಗೊಬ್ಬರ ಇಲ್ಲ, ಕರೆಂಟು ಇಲ್ಲ, ನೀರುಗಂಟಿ ಇಲ್ಲ, ಬ್ಯಾಂಕಿನ ಸಾಲ ಇಲ್ಲ. ಜಮೀನಿಲ್ಲದ ಹೆಂಗಸು ಒಂದು ಪಾತ್ರೆ ಹಿಡಿದು ಹೋದರೆ ಸಂಜೆಗೆ ಮನೆಗೆ ಸಾರಿನ ದಾರಿ, ಮಾರಲು ಒಂದಷ್ಟು ಸಿಗುತ್ತದೆ. ನಮ್ಮಲ್ಲಿ ಜಮೀನಿಲ್ಲದವರಿಗೆ ಅಂಥ ಒಂದು ಜಾಗ ಇದೆಯೇ? ಗೋಮಾಳ ಇತ್ತು, ಅದೂ ಹೋಯಿತು.

ಇದೇ ಅಳಿವೆಯ ಅಂಚಿನಲ್ಲಿ ಗಜನಿ ಭೂಮಿ ಇದೆ. ಮಳೆಗಾಲದಲ್ಲಿ ಉಪ್ಪು ತೊಳೆದು ಹೋದಾಗ 'ಕಗ್ಗ' ಎಂಬ ಭತ್ತ, ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಟ್ಟುಕೊಂಡು ಸಿಗಡಿ, ಮೀನು. ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಡುತ್ತಾರೆ. ಅದು ಕೊಳೆತು ಮೀನಿಗೆ ಆಹಾರ. ಮಾಣಿಕಟ್ಟಾದಲ್ಲಿ ಕಗ್ಗವನ್ನು ನೂರಾರು ಮನೆಯವರು ಸೇರಿ ಬೆಳೆಯುವ ಪದ್ಧತಿ ಹೆಸರಾದದ್ದು. ಕಗ್ಗದ ಕತೆಯೇ ಒಂದು ಬೇರೆ ಲೇಖನಕ್ಕೆ ಆಗುತ್ತದೆ, ಇಲ್ಲಿ ಬಿಡೋಣ. ಹೇಳಬೇಕಾದ್ದು ಇಷ್ಟು: ಭತ್ತದ ಗದ್ದೆಯಿಂದ ಕೊಳೆತು ಹರಿದು ಬರುವ ಕಣಗಳೂ ಬಳಚಿನ ಬಾಯಿಗೇ ಹೋಗುತ್ತವೆ. ಗದ್ದೆಗೆ ಹೊಡೆದ ವಿಷವೂ ಹಾಗೆಯೇ.

ಪಕ್ಕದ ಶರಾವತಿ ಏನು ಕಲಿಸಿತು

ಅಘನಾಶಿನಿಯಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೊನ್ನಾವರ. ಅಲ್ಲಿ ಶರಾವತಿ ಕಡಲು ಸೇರುತ್ತದೆ. ಅದೇ ಕರಾವಳಿ, ಅದೇ ಮಳೆ, ಅದೇ ಘಟ್ಟ. ವ್ಯತ್ಯಾಸ ಒಂದೇ, ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದರು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲೂ ಕಟ್ಟೆ ಬಂತು. ಕರೆಂಟು ತೆಗೆಯಲು ವರ್ಷವಿಡೀ ನೀರು ಬಿಡಬೇಕು. ಬೇಸಿಗೆಯಲ್ಲಿ ಒಣಗಬೇಕಾದ ಹೊಳೆಯಲ್ಲೂ ಸಿಹಿನೀರು ಹರಿಯುತ್ತಲೇ ಇರುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ, ಬೇಸಿಗೆಯಲ್ಲೂ ನೀರಿರುವ ಹೊಳೆ ಯಾರಿಗೆ ಬೇಡ? ಬಳಚಿಗೆ ಬೇಡ. ಕಡಲ ನೀರು ಒಳಗೆ ನುಗ್ಗುವುದಕ್ಕೆ ಬಿಡದೆ ಸಿಹಿನೀರು ತಳ್ಳುತ್ತಿದ್ದರೆ ಅಳಿವೆಯ ಉಪ್ಪು ಏರುವುದೇ ಇಲ್ಲ. ಉಪ್ಪು ಬೇಡುವ ಜಾತಿಗಳು ಶರಾವತಿಯ ಅಳಿವೆಯಲ್ಲಿ ಕುಗ್ಗಿಹೋದವು ಎಂದು ಅದೇ ತಂಡದ ಅಧ್ಯಯನ ಹೇಳುತ್ತದೆ.

ಇಲ್ಲಿ ಬಳಚು ಹೋದದ್ದು ನೀರು ಕಡಿಮೆಯಾಗಿ ಅಲ್ಲ, ನೀರಿನ ಕಾಲ ತಪ್ಪಿ. ಇದು ನನಗೆ ಬಹಳ ಮುಖ್ಯವಾಗಿ ಕಂಡಿತು. ನಾವು ನೀರನ್ನು ಟಿ.ಎಂ.ಸಿ. ಲೆಕ್ಕದಲ್ಲಿ ಮಾತ್ರ ಅಳೆಯುತ್ತೇವೆ. ಯಾವ ತಿಂಗಳು, ಎಷ್ಟು ದಿನ, ಎಷ್ಟು ಬಿಟ್ಟು ಬಿಟ್ಟು ಅನ್ನುವುದು ಲೆಕ್ಕದಲ್ಲಿ ಬರುವುದಿಲ್ಲ. ಆದರೆ ನಾಲೆ ಕೊನೆಯ ರೈತನಿಗೆ ಇದು ಗೊತ್ತಿರುವ ವಿಷಯವೇ. ಭತ್ತ ಹೊಡೆ ಕಟ್ಟುವಾಗ ಬರದ ನೀರು ಕೊಯ್ಲಿನ ಹೊತ್ತಿಗೆ ಗದ್ದೆ ತುಂಬ ಬಂದರೆ ಯಾವ ಸುಖ?

ಈಗ ನಮ್ಮ ಕಾವೇರಿ. ಹೇಮಾವತಿಗೆ ಗೊರೂರಿನಲ್ಲಿ ಕಟ್ಟೆ, ಕೆಳಗೆ ನಮ್ಮ ತಾಲೂಕಿನಲ್ಲೇ ಮಂದಗೆರೆ, ಹೇಮಗಿರಿ ಹಳೆಯ ಅಣೆಗಳು, ಆಮೇಲೆ ಕನ್ನಂಬಾಡಿ. ತಮಿಳುನಾಡಿನಲ್ಲಿ ಮೆಟ್ಟೂರು, ಕಲ್ಲಣೆ. ಇಷ್ಟು ದಾಟಿ ಉಳಿದದ್ದು ಕೊಳ್ಳಿಡಂ ಮೂಲಕ, ಪೂಂಪುಹಾರ್ ಕಡೆಯ ಕವಲುಗಳ ಮೂಲಕ ಬಂಗಾಳ ಕೊಲ್ಲಿಗೆ. ಆ ಕರಾವಳಿಯ ಪರಂಗಿಪೇಟೆಯಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಸಮುದ್ರ ಜೀವಶಾಸ್ತ್ರ ಕೇಂದ್ರ ಇದೆ. ಅಲ್ಲಿನ ವೆಳ್ಳಾರ್ ಅಳಿವೆಯ ಮೆರಿಟ್ರಿಕ್ಸ್ ಕಾಸ್ಟಾ ಬಗ್ಗೆ ಬಹಳ ಕಾಲದಿಂದ ಅಧ್ಯಯನ ನಡೆದಿದೆ. ನಾವು ಬೈದುಕೊಳ್ಳುವ 'ಸಮುದ್ರಕ್ಕೆ ಹೋದ ನೀರು' ಅಲ್ಲಿನ ಕಾಂಡ್ಲಾ ಕಾಡು, ಬಳಚು, ಸಿಗಡಿಯ ಪಾಲು.

ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ 740 ಟಿ.ಎಂ.ಸಿ. ಹಂಚುವಾಗ 10 ಟಿ.ಎಂ.ಸಿ.ಯನ್ನು ಪರಿಸರಕ್ಕೆ ಎಂದು ತೆಗೆದಿಟ್ಟಿತು. ಇನ್ನು 4 ಟಿ.ಎಂ.ಸಿ. ತಡೆಯಲಾಗದೆ ಸಮುದ್ರಕ್ಕೆ ಹರಿಯುವ ಲೆಕ್ಕ. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270ರಿಂದ 284.75ಕ್ಕೆ ಏರಿಸಿತು, ಆಗಲೂ ಈ 14 ಟಿ.ಎಂ.ಸಿ.ಯನ್ನು ಮುಟ್ಟಲಿಲ್ಲ. ಬೆಳೆ ಒಣಗುವಾಗ ಚಿಪ್ಪಿಗೆ ನೀರು ಬಿಡಿ ಎಂದು ನಾನೇನೂ ವಾದ ಮಾಡುತ್ತಿಲ್ಲ. ನಾನೂ ನಾಲೆ ನೀರಿನವನೇ. ಆದರೆ ಚಳವಳಿಯ ಭಾಷಣದಲ್ಲಿ 'ವ್ಯರ್ಥ' ಎಂಬ ಪದ ಬಂದಾಗ, ಅದರ ಆ ಬದಿಯಲ್ಲೂ ಸಣ್ಣ ರೈತನಂಥವನೇ ಒಬ್ಬ ಪಾತ್ರೆ ಹಿಡಿದು ನಿಂತಿದ್ದಾನೆ ಅನ್ನುವುದು ಗೊತ್ತಿರಲಿ.

ಹೊಳೆಯಿಂದ ಇನ್ನೊಂದು ವಸ್ತುವೂ ಹೋಗಬೇಕು, ಮರಳು. ಬಳಚಿನ ಹಾಸಿಗೆಗೆ ಮರಳೇ ನೆಲ. ಕರಾವಳಿ ಅಳಿವೆಗಳಲ್ಲಿ ಯಂತ್ರ ಹಾಕಿ ಮರಳು ಬಾಚಿದ ಜಾಗದಲ್ಲಿ ಬಳಚು ಮತ್ತೆ ಕೂರುವುದು ಕಷ್ಟ. ನಮ್ಮ ಹೇಮಾವತಿ, ಲೋಕಪಾವನಿ ದಡದಲ್ಲಿ ಮರಳು ಬಾಚಿ ಬಾವಿ ಬತ್ತಿಸಿಕೊಂಡವರಿಗೆ ಇದರ ವಿವರಣೆ ಬೇಡ.

ಕೊಯ್ಲಿಗೂ ಒಂದು ಕಟ್ಟುಪಾಡು

ಬಿತ್ತದ ಬೆಳೆ ಎಂದರೆ ಎಷ್ಟು ಬೇಕಾದರೂ ಬಾಚಬಹುದು ಎಂದಲ್ಲ. ಕೇರಳದ ಕೊಲ್ಲಂ ಹತ್ತಿರ ಅಷ್ಟಮುಡಿ ಹಿನ್ನೀರಿನಲ್ಲಿ 1980ರ ದಶಕದಿಂದ ತಿಸ್ರೆ ಜಾತಿಯ ಮಾಂಸ ಹೊರದೇಶಕ್ಕೆ ಹೋಗತೊಡಗಿತು. ರೇಟು ಬಂತು, ದೋಣಿ ಹೆಚ್ಚಿತು. 1990ರ ದಶಕದ ಆರಂಭದಲ್ಲಿ ವರ್ಷಕ್ಕೆ 10,000 ಟನ್ ಮುಟ್ಟಿದ ಉತ್ಪತ್ತಿ 1993ರ ಹೊತ್ತಿಗೆ ಅರ್ಧಕ್ಕೆ ಬಿತ್ತು. ಆಗ ಮರಿಗಾಲವಾದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು ಬಂದ್, ಬಲೆಯ ಕಣ್ಣು 30 ಮಿ.ಮೀ.ಗಿಂತ ಸಣ್ಣದಿರಬಾರದು, ಕೆ.ಜಿ. ಮಾಂಸಕ್ಕೆ 1,400ಕ್ಕಿಂತ ಹೆಚ್ಚು ಬಳಚು ತೂಗುವಂಥ ಸಣ್ಣದನ್ನು ರಫ್ತು ಮಾಡಬಾರದು ಎಂಬ ನಿಯಮಗಳು ಬಂದವು. 2014ರಲ್ಲಿ ಈ ಬಳಚುಗಾರಿಕೆಗೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲು. ಪ್ರಮಾಣಪತ್ರ ಸಿಕ್ಕಿತೆಂದು ಕತೆ ಸುಖಾಂತ ಆಗಲಿಲ್ಲ. ಉತ್ಪತ್ತಿ ಮತ್ತೆ ಇಳಿದು, ಈಚಿನ ವರ್ಷಗಳಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಹ್ಯಾಚರಿಯಲ್ಲಿ ಬೆಳೆಸಿದ ಮರಿ ತಂದು ಅಲ್ಲಿ ಬಿತ್ತಬೇಕಾಯಿತು. ಈ ಸಂಸ್ಥೆಯ ಕೇಂದ್ರಗಳು ನಮ್ಮ ಮಂಗಳೂರು, ಕಾರವಾರಗಳಲ್ಲೂ ಇವೆ.

ಚೀನಾದಲ್ಲಿ ಬಿತ್ತುವುದೇ ವಾಡಿಕೆ. ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ಬಯಲಿಗೆ ಮರಿ ಚೆಲ್ಲಿ, ಕಾವಲು ಕಾದು, ಬೆಳೆದ ಮೇಲೆ ಕೊಯ್ಯುತ್ತಾರೆ. ನಮ್ಮ ನೆರೆಯ ಕಾಸರಗೋಡಿನ ಪಡನ್ನ ಹಿನ್ನೀರಿನಲ್ಲಿ 1990ರ ದಶಕದಿಂದ ಹೆಂಗಸರ ಸ್ವಸಹಾಯ ಗುಂಪುಗಳು ಹಗ್ಗಕ್ಕೆ ಮರಿ ಸುತ್ತಿ, ಬಿದಿರಿನ ಚಪ್ಪರಕ್ಕೆ ಇಳಿಬಿಟ್ಟು ಬೆಳೆಸುವುದುಂಟು. ಆದರೆ ಅದು ಬಳಚಲ್ಲ, ಬಂಡೆಗೆ ಅಂಟುವ ಹಸಿರು ಚಿಪ್ಪಿನ ಜಾತಿ.

ನಮ್ಮ ಕೃಷಿಹೊಂಡದಲ್ಲಿ ಬಳಚು ಬೆಳೆಯಬಹುದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಆಗುವುದಿಲ್ಲ. ಉಪ್ಪು ಇಲ್ಲ, ಏರಿಳಿತ ಇಲ್ಲ. ನಾಲೆ ಹೂಳು ತೆಗೆಯುವಾಗ, ಕನ್ನಂಬಾಡಿ ಹಿನ್ನೀರು ಇಳಿದಾಗ ಸಿಗುವ ಅಂಗೈ ಉದ್ದದ ಚಿಪ್ಪು ಬೇರೆಯೇ ಕುಲದ್ದು, ಸಿಹಿನೀರಿನ ಲ್ಯಾಮೆಲಿಡೆನ್ಸ್. ಇದರ ಸಂಸಾರ ಇನ್ನೂ ಸ್ವಾರಸ್ಯ. ಮರಿ ತಾಯಿಯ ಕಿವಿರಿನಲ್ಲೇ ಬೆಳೆದು, ಹೊರಬಿದ್ದ ಮೇಲೆ ಯಾವುದಾದರೂ ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲವು ದಿನ ಸವಾರಿ ಮಾಡಿ ಆಮೇಲೆ ಕೆಳಗಿಳಿಯುತ್ತದೆ. ಮೀನಿಲ್ಲದ ಕೆರೆಯಲ್ಲಿ ಈ ಚಿಪ್ಪು ಮುಂದಿನ ತಲೆಮಾರು ಕಾಣುವುದಿಲ್ಲ. ಸಿಹಿನೀರಿನ ಮುತ್ತು ಬೆಳೆಸುವುದು ಈ ಜಾತಿಯಲ್ಲೇ. ಮುತ್ತಿನ ಕೃಷಿಯಲ್ಲಿ ಲಕ್ಷ ಲಕ್ಷ ಎಂದು ಕರಪತ್ರ ಹಂಚುವವರು ಬಂದರೆ ಎರಡು ಪ್ರಶ್ನೆ ಕೇಳಿ: ಆಪರೇಷನ್ ಮಾಡಿದ ನೂರರಲ್ಲಿ ಎಷ್ಟು ಬದುಕಿದವು? ಮುತ್ತನ್ನು ಕೊಂಡವರು ಯಾರು, ರಸೀತಿ ಎಲ್ಲಿ? ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ.

ಚಿಪ್ಪಿನಿಂದ ಸುಣ್ಣ

ಬಳಚಿನ ಚಿಪ್ಪಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಕರಗಿದ ಸುಣ್ಣವನ್ನು ಪ್ರಾಣಿ ಹೀರಿ ಪದರ ಪದರವಾಗಿ ಕಟ್ಟಿದ್ದು. ಘಟ್ಟದ ಮಣ್ಣಿನಿಂದ ತೊಳೆದು ಹೋದ ಸುಣ್ಣದಲ್ಲಿ ಒಂದಷ್ಟು ಹೀಗೆ ಗಟ್ಟಿಯಾಗಿ ವಾಪಸು ಬರುತ್ತದೆ ಅನ್ನಿ. ಅಳಿವೆಯ ತಳದಲ್ಲಿ ಸತ್ತ ಬಳಚಿನ ಹಳೆಯ ಚಿಪ್ಪು ಅಡಿಗಟ್ಟಲೆ ಕೂತಿರುತ್ತದೆ. ಕೇರಳದ ವೆಂಬನಾಡ್ ಕೆರೆಯ ಚಿಪ್ಪು ಸಿಮೆಂಟ್ ಕಾರ್ಖಾನೆಗೂ ಹೋಯಿತು. ತಳದ ಹಳೆ ಚಿಪ್ಪು ಬಗೆಯುವಾಗ ಮೇಲಿನ ಜೀವಂತ ಬಳಚಿನ ಹಾಸಿಗೆಯೂ ಕೆಡುತ್ತದೆ. ಅಗ್ಗದ ಚಿಪ್ಪುಸುಣ್ಣದ ಹಿಂದೆ ಈ ಖರ್ಚು ಇದೆ, ಬಿಲ್ಲಿನಲ್ಲಿ ಕಾಣುವುದಿಲ್ಲ.

ಚಿಪ್ಪನ್ನು ಗೂಡಿನಲ್ಲಿ ಇದ್ದಿಲು ಹಾಕಿ 900 ಡಿಗ್ರಿ ಸೆಂಟಿಗ್ರೇಡ್ ಸುಮಾರಿಗೆ ಸುಟ್ಟರೆ ಇಂಗಾಲಾಮ್ಲ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. 100 ಕೆ.ಜಿ. ಶುದ್ಧ ಚಿಪ್ಪಿಗೆ 56 ಕೆ.ಜಿ. ಸುಟ್ಟ ಸುಣ್ಣ. ಅದಕ್ಕೆ ನೀರು ಚಿಮುಕಿಸಿದರೆ ಕೊತಕೊತ ಕುದಿದು ಅರಳಿ 74 ಕೆ.ಜಿ. ಅರಳಿದ ಸುಣ್ಣ. ಈ ಮೂರು ಅಂಕಿ ನೆನಪಿದ್ದರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. ಕೆಲಸ ಒಂದೇ ಆದರೂ 56 ಕೆ.ಜಿ. ಸುಟ್ಟ ಸುಣ್ಣ, 74 ಕೆ.ಜಿ. ಅರಳಿದ ಸುಣ್ಣ, 100 ಕೆ.ಜಿ. ಚಿಪ್ಪಿನ ಪುಡಿ ಸಮ. ಮೂರಕ್ಕೂ ಕೆ.ಜಿ.ಗೆ ಒಂದೇ ದರ ಹೇಳಿದರೆ ಯಾವುದನ್ನು ಕೊಳ್ಳಬೇಕು ಗೊತ್ತಾಯಿತಲ್ಲ. ಆದರೆ ಸುಟ್ಟ ಸುಣ್ಣ ಗಾಳಿಗಿಟ್ಟರೆ ತೇವ ಎಳೆದು ಪುಡಿಯಾಗಿ, ಇಂಗಾಲಾಮ್ಲ ಎಳೆದು ಮತ್ತೆ ಚಿಪ್ಪಿನ ಗುಣಕ್ಕೇ ಇಳಿಯುತ್ತದೆ. ಪರೀಕ್ಷೆ ಸುಲಭ. ಒಂದು ಹಿಡಿಗೆ ನೀರು ಹಾಕಿ. ಕುದಿದರೆ ಜೀವ ಇದೆ, ತಣ್ಣಗೆ ನೆಂದರೆ ಸತ್ತ ಸುಣ್ಣ. ಅರಳಿಸುವಾಗ ಮುಖ ದೂರ ಇರಲಿ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ತೆಳು ಪ್ಲಾಸ್ಟಿಕ್ ಬಕೆಟ್ ಬೇಡ, ಬಿಸಿಗೆ ಮೆತ್ತಗಾಗುತ್ತದೆ. ಮಕ್ಕಳು ಹತ್ತಿರ ಬೇಡವೇ ಬೇಡ.

ಬೋರ್ಡೋ ದ್ರಾವಣ ನಮ್ಮ ಕಡೆಗೂ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನು ಮಲೆನಾಡಿನಲ್ಲಿ ರೂಢಿಗೆ ತಂದವರು. ಮಂಡ್ಯದ ವಿ.ಸಿ. ಫಾರಂ ಶುರುವಾದದ್ದೂ ಅವರ ಕಾಲದಲ್ಲೇ. ನೂರು ಲೀಟರಿಗೆ ಮೈಲುತುತ್ತ 1 ಕೆ.ಜಿ., ಸುಟ್ಟ ಸುಣ್ಣ 1 ಕೆ.ಜಿ. ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ಸುಣ್ಣದ ನೀರನ್ನು ಸೋಸಿಕೊಂಡು, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ತಿರುವಬೇಕು. ತುತ್ತಕ್ಕೆ ಕಬ್ಬಿಣದ ಪಾತ್ರೆ ಕೂಡದು. ಆಮೇಲೆ ಉಜ್ಜಿ ಹೊಳೆಯಿಸಿದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು ಎಂದರ್ಥ, ಇನ್ನೂ ಸೇರಿಸಿ. ಸುಣ್ಣ ಸತ್ತದ್ದಾದರೆ ಎಲೆ ಸುಡುವುದು ಇಲ್ಲೇ. ಚಿಪ್ಪುಸುಣ್ಣದಲ್ಲಿ ಮಣ್ಣು, ಮರಳಿನ ಚೂರು ಕಡಿಮೆ ಇದ್ದರೆ ನಾಜಲ್ ಕಟ್ಟುವುದೂ ಕಡಿಮೆ. ಮಾಡಿದ ದ್ರಾವಣ ಅವತ್ತೇ ಮುಗಿಸಿ.

ಹೊಲಕ್ಕೆ ಸುಣ್ಣ ಹಾಕುವ ವಿಷಯದಲ್ಲಿ ಮಾತ್ರ ನಮ್ಮವರು ಕೈ ಹಿಡಿದು ನಡೆಯಬೇಕು. ಕರಾವಳಿ, ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಬೇಕು. ಅಲ್ಲಿಯ ಲೇಖನ ಓದಿ ಇಲ್ಲಿ ಚೆಲ್ಲುವುದು ಸರಿಯಲ್ಲ. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ನೀರು ನಿಂತು ಚೌಳು ಹಿಡಿದ ಗದ್ದೆಗೆ ಸುಣ್ಣ ಹಾಕಿದರೆ ರೋಗ ಬೇರೆ ಮದ್ದು ಬೇರೆ ಆಗುತ್ತದೆ. ಅಲ್ಲಿಗೆ ಬಸಿಗಾಲುವೆ ಬೇಕು, ಕ್ಷಾರದ ಮಣ್ಣಾದರೆ ಜಿಪ್ಸಂ. ನಾಗಮಂಗಲ, ಕೆ.ಆರ್. ಪೇಟೆಯ ಕೆಂಪು ಮರಳುಮಿಶ್ರಿತ ಹೊಲಗಳಲ್ಲಿ ಕೆಲವು ಹುಳಿ ಇರಬಹುದು. ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ 6ಕ್ಕಿಂತ ಕೆಳಗೆ ಬಂದರೆ ಮಾತ್ರ ಅವರು ಹೇಳಿದಷ್ಟು ಹಾಕಿ. ಸುಣ್ಣದ ಜೊತೆ ಯೂರಿಯಾ, ಕೊಟ್ಟಿಗೆ ಗೊಬ್ಬರ ಒಟ್ಟಿಗೆ ಬೇಡ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಎರಡು ಮೂರು ವಾರ ಅಂತರ ಇರಲಿ.

ಮನೆ ಕೋಳಿಗೆ ಸುಡದ ಚಿಪ್ಪನ್ನು ಒಡೆದು ಒಂದು ತಟ್ಟೆಯಲ್ಲಿ ಇಟ್ಟರೆ ಸಾಕು. ಮೊಟ್ಟೆ ಇಡುವ ಹೇಂಟೆ ಬೇಕಾದಷ್ಟು ತಾನೇ ಹೆಕ್ಕಿಕೊಳ್ಳುತ್ತದೆ. ತೋಲುಮೊಟ್ಟೆ ಬೀಳುತ್ತಿದ್ದರೆ ಮೊದಲು ಇದನ್ನು ಮಾಡಿ ನೋಡಿ.

ತಿನ್ನುವವರಿಗೆ ಎರಡು ಮಾತು

ಗದ್ದೆ ಏಡಿ ಸಾರು ಚಪ್ಪರಿಸುವ ನಮ್ಮ ಕಡೆಯವರಿಗೆ ಬಳಚು ಹಿಡಿಸದೆ ಇರದು. ಮಾಂಸದಲ್ಲಿ ಪ್ರೋಟೀನು, ಕಬ್ಬಿಣ, ಸತು, ಬಿ-12 ಚೆನ್ನಾಗಿ ಇದೆ. ಕರಾವಳಿಗೆ ಹೋದಾಗ ಕೊಂಡರೆ ಇಷ್ಟು ಗಮನಿಸಿ. ನೀರು ಸೋಸಿ ತಿನ್ನುವ ಪ್ರಾಣಿ ಆದ್ದರಿಂದ ನೀರಿನಲ್ಲಿ ಇದ್ದ ಕೊಳೆ, ರೋಗಾಣು, ಸೀಸದಂಥ ಲೋಹ ಎಲ್ಲ ಅದರ ಮೈಯಲ್ಲಿ ಸೇರುತ್ತದೆ. ಪಟ್ಟಣದ ಚರಂಡಿ, ಕಾರ್ಖಾನೆ ನೀರು ಸೇರುವ ಅಳಿವೆಯದ್ದು ಅಗ್ಗ ಸಿಕ್ಕರೂ ಬೇಡ. ಬಾಯಿ ಬಿಟ್ಟಿರುವ ಚಿಪ್ಪನ್ನು ಬೆರಳಲ್ಲಿ ತಟ್ಟಿ. ಮುಚ್ಚಿಕೊಂಡರೆ ಜೀವ ಇದೆ, ಇಲ್ಲದಿದ್ದರೆ ಎಸೆಯಿರಿ. ಕಲ್ಲುಪ್ಪು ಹಾಕಿದ ನೀರಿನಲ್ಲಿ ಕೆಲವು ಗಂಟೆ ಬಿಟ್ಟರೆ ಹೊಟ್ಟೆಯ ಮರಳು ಕಕ್ಕುತ್ತದೆ. ಸಿಹಿನೀರಿನಲ್ಲಿ ಬಿಟ್ಟರೆ ಕಕ್ಕುವುದಿಲ್ಲ, ಬಾಯಿ ಬಿಗಿಹಿಡಿದು ಸಾಯುತ್ತದೆ. ಬೇಯಿಸುವಾಗ ಲೆಕ್ಕ ಉಲ್ಟಾ, ಎಲ್ಲ ಬಾಯಿ ಬಿಡಬೇಕು. ಬಿಡದೆ ಉಳಿದದ್ದನ್ನು ಒತ್ತಿ ತೆರೆದು ತಿನ್ನಬೇಡಿ. ಸಿಗಡಿ, ಏಡಿ ತಿಂದರೆ ಮೈ ದದ್ದು ಬರುವವರು ಇದರ ತಂಟೆಗೂ ಹೋಗದಿರುವುದೇ ಒಳ್ಳೆಯದು.

ಬೆಂದ ಬಳಚನ್ನು ಒಂದು ಬದಿಯ ಚಿಪ್ಪಿನ ಸಮೇತವೇ ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುರಿದ ತೆಂಗಿನಕಾಯಿ ತುರಿ ಹಾಕಿ ಸುಕ್ಕ ಮಾಡುತ್ತಾರೆ. ತುಳುನಾಡಿನಲ್ಲಿ ಅಕ್ಕಿಯ ಪುಂಡಿಯ ಜೊತೆಗೂ ಬೇಯಿಸುವುದುಂಟು. ಕಾಯಿ ನಮ್ಮದೇ ತೋಟದ್ದು ಇದೆಯಲ್ಲ, ಜಿಪುಣತನ ಬೇಡ. ಬೇಯಿಸಿದ ನೀರನ್ನು ಚೆಲ್ಲದೆ ಮರಳು ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಸಾರಿಗೆ ಬಗ್ಗಿಸಿಕೊಳ್ಳಿ. ಉಪ್ಪು ಆಮೇಲೆ ನೋಡಿ ಹಾಕಿ, ಅದರಲ್ಲೇ ಸಾಕಷ್ಟು ಇರುತ್ತದೆ.